ತಲೆಯ ಅಳತೆ

ಭಾನುವಾರ, ಮಧ್ಯಾಹ್ನ
ಅಂಗಡಿಯ ಕಟಿಂಗ್ ಟೇಬಲ್ಲಿನಿಂದ

ನನ್ನ ಮೊಂಡು ಮಗಳಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಮಾತು ತೇಲಿಸಿಬಿಡುತ್ತೇನೆ. ಪರದೆ ಹೊಲಿದು ಮೇಲೆ ಬಂದವಳು ನಾನು, ಮುಚ್ಚುವ ವಿದ್ಯೆ ಚೆನ್ನಾಗಿ ಗೊತ್ತು. ಕಾಗದದಲ್ಲಿ ಬರೆದದ್ದು ಬರೆದಲ್ಲೇ ಇರುತ್ತದೆ.

ಮೊನ್ನೆ ನೀನು ಬೈಕಿನಿಂದ ಜಾರಿ ಬಿದ್ದದ್ದನ್ನು ನಗುನಗುತ್ತಾ ಹೇಳಿದೆ. ಮೊಣಕೈ ತರಚಿತು ಅಷ್ಟೆ, ಪೆಟ್ಟೆಲ್ಲ ಹೆಲ್ಮೆಟ್ಟೇ ತಿಂದಿತು ಅಂದೆ. ನನಗೂ ಹೋದ ಜೀವ ಬಂತು. ಆಮೇಲೆ ಬಾಯಿತಪ್ಪಿ ಅಂದೆಯಲ್ಲ, ಅದು ತಲೆಯ ಮೇಲಿರಲಿಲ್ಲ, ಕನ್ನಡಿಗೆ ನೇತುಹಾಕಿದ್ದೆ ಅಂತ. ಕಟ್ಟಡ ಕಟ್ಟಡ ಸುತ್ತಿ ಊರವರ ಲಿಫ್ಟಿನ ಹಗ್ಗ ಪರೀಕ್ಷಿಸಿ ಸಹಿ ಹಾಕುವವಳು ನೀನು. ನಾನು ಬೈದೆ. ಅದಕ್ಕೆ ನೀನು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ:

"ಹೆಲ್ಮೆಟ್ ಹಾಕಿ ಹಾಕಿನೇ ನನ್ ಕೂದಲು ಉದುರಿದ್ದು. ನೀನು ಯಾವತ್ತಾದ್ರೂ ಹಾಕಿದ್ದೀಯಾ? ಅದಕ್ಕೇ ಈ ವಯಸ್ಸಲ್ಲೂ ಅಷ್ಟು ದೊಡ್ಡ ಗಂಟು."

ನಾನು ಫೋನಿಟ್ಟೆ. ಅಮ್ಮನ ಬಾಯಿ ಮುಚ್ಚಿಸಿದೆ ಅಂತ ನಿನಗೆ ಖುಷಿಯಾಗಿರಬೇಕು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಹೆಲ್ಮೆಟ್ ಅಂಗಡಿಗೆ ಹೋದೆ. ಗಿರಾಕಿ ಹೇಳುವ ಕಿಟಕಿ ಅಳತೆಯನ್ನು ನಾನು ಯಾವತ್ತೂ ನಂಬಿದವಳಲ್ಲ, ಟೇಪು ಹಿಡಿದು ನಾನೇ ಹೋಗುತ್ತೇನೆ. ಅಂಥವಳು ಮನೆಯಲ್ಲೇ ಗಂಟಿನ ಮೇಲಿಂದ ಹಿಡಿದ ಅಳತೆಯನ್ನು ಅಲ್ಲಿ ಹೇಳಿದೆ. ಅಂಗಡಿಯ ಯಜಮಾನರು ಆ ಸೈಜೇ ಕೊಟ್ಟರು. ಸಲೀಸಾಗಿ ಕೂತಿತು. ತಲೆ ಅಲ್ಲಾಡಿಸಿ ಅಂದರು. ಅಲ್ಲಾಡಿಸಿದೆ, ಮೂಗಿನವರೆಗೆ ಪರದೆ ಎಳೆದ ಹಾಗಾಯಿತು.

"ಗಂಟು ಬಿಚ್ಚೀಮ್ಮ. ನಾನು ತಲೆಗೆ ಕೊಡೋದು, ಗಂಟಿಗಲ್ಲ" ಅಂದರು.

ಬಿಚ್ಚಲು ಏನು ಧಾಡಿ ಅನ್ನುತ್ತೀಯ. ಈಗ ಕೇಳು. ಆ ಗಂಟು ನನ್ನದಲ್ಲ, ಚೌರಿ. ದುಡ್ಡು ಕೊಟ್ಟು ತಂದ ಕೂದಲು. ನಿನ್ನ ವಯಸ್ಸಿಗೇ ನನ್ನ ನೆತ್ತಿ ಬಯಲಾಯಿತು, ನಿನ್ನ ಅಜ್ಜಿಯದೂ ಹಾಗೇ. ನಾವಿಬ್ಬರೂ ಹೆಲ್ಮೆಟ್ ಮುಟ್ಟಿದವರಲ್ಲ. ಬಾಗಿಲು ಹಾಕಿಕೊಂಡು ತಲೆ ಬಾಚುವುದನ್ನು ನೀನು ಅಮ್ಮನ ಗತ್ತು ಅಂದುಕೊಂಡೆ. ಹೋದ ವರ್ಷ ಬಾಚಣಿಗೆ ಹಿಡಿದು ಅತ್ತೆಯಲ್ಲ, ನಿನ್ನ ಕೂದಲು ನನಗ್ಯಾಕೆ ಬರಲಿಲ್ಲ ಅಂತ. ಆಗಲೂ ಎಣ್ಣೆ ಹಚ್ಚು ಅಂದೆನೇ ಹೊರತು ನಿಜ ಹೇಳಲಿಲ್ಲ. ಬಂದಿತ್ತು ಮಗಳೇ, ಪೂರ್ತಿ ನನ್ನದೇ ಬಂದಿತ್ತು. ಬೈಯುವುದಿದ್ದರೆ ನನ್ನನ್ನು ಬೈ, ಹೆಲ್ಮೆಟ್ಟನ್ನಲ್ಲ.

ಅಂಗಡಿಯಲ್ಲೇ ಬಿಚ್ಚಿ ಚೀಲಕ್ಕೆ ತುರುಕಿದೆ. ಸಣ್ಣ ಸೈಜು ಕೊಟ್ಟರು. ಬಿಗಿ ಅಂದೆ. ಹೊಸದರಲ್ಲಿ ಕೆನ್ನೆ ಒತ್ತಲೇಬೇಕು, ಹಣೆ ಮಾತ್ರ ನೋಯಬಾರದು ಅಂದರು. ಹೆಲ್ಮೆಟ್ ಹಿಡಿದು ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೇ ತಿರುಗಿತು. ಅದೇ ಸರಿಯಾದ ಅಳತೆಯಂತೆ. ಗದ್ದದ ಪಟ್ಟಿ ಬಿಗಿದು ಗಾಡಿ ಓಡಿಸಿಕೊಂಡು ಬಂದೆ. ತಲೆ ಎಷ್ಟು ಹಗುರ ಅನ್ನುತ್ತೀ.

ನಿನ್ನ ಹಳೆಯದನ್ನು ಇನ್ನು ಹಾಕಬೇಡ. ಒಮ್ಮೆ ಪೆಟ್ಟು ತಿಂದರೆ ಒಳಗಿನ ಥರ್ಮಾಕೋಲು ಕುಗ್ಗಿರುತ್ತದೆ, ಹೊರಗೆ ಕಾಣುವುದಿಲ್ಲ. ಕೂದಲು ಇಳಿಬಿಟ್ಟು ಹುಬ್ಬಿನ ಮೇಲಿಂದ ತಲೆಯ ಸುತ್ತ ಟೇಪು ಹಿಡಿದು, ನಿಜವಾದ ಅಳತೆ ಹೇಳು. ಹೊಸದು ನನ್ನ ಲೆಕ್ಕದಲ್ಲಿ.

ಈಗ ವ್ಯಾಪಾರದ ಮಾತು. ಇದರ ಜೊತೆ ಚೌರಿಯಿಲ್ಲದ ನನ್ನ ಫೋಟೋ ಇಟ್ಟಿದ್ದೇನೆ. ಹೊಸ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ನಿನ್ನ ಫೋಟೋ ಕಳಿಸು, ಇದನ್ನು ಹರಿದುಹಾಕಬಹುದು. ಇಲ್ಲದಿದ್ದರೆ ಇದನ್ನೇ ದೊಡ್ಡದು ಮಾಡಿಸಿ ಅಂಗಡಿಯ ಬೋರ್ಡಿಗೆ ಹಾಕಿಸುತ್ತೇನೆ. ಗಿರಾಕಿಗಳು ಓಡಿಹೋದರೆ ಅದು ನಿನ್ನ ತಲೆಯ ಮೇಲೆ.

ನಿನ್ನ,
ಗಂಟಿಲ್ಲದ ಅಮ್ಮ

ತಾ.ಕ.: ಫೋಟೋ ತೆಗೆದದ್ದು ನಿನ್ನ ಅಪ್ಪ. ಇಷ್ಟು ವರ್ಷ ಅವರಿಂದಲೂ ಮುಚ್ಚಿಟ್ಟಿದ್ದೆ. ಅವರು ಮೊಬೈಲು ಹಿಡಿದು, "ಸ್ವಲ್ಪ ಎಡಕ್ಕೆ ತಿರುಗು. ಆ ಕಡೆ ಯಾವಾಗ್ಲೂ ಪಿನ್ ಚುಚ್ಚಿ ಕೆಂಪಗಿರುತ್ತೆ, ಮಗಳು ಗಾಬರಿಯಾಗ್ತಾಳೆ" ಅಂದರು.