ಪರೆಂತಿ ಎಂದರೆ ನೆಂಟರು

ಪ್ರೀತಿಯ ಮೊಮ್ಮಗಳು ಮೇವ್‌ಗೆ,

ಈ ಸಲ ಇಂಗ್ಲಿಷಿನಲ್ಲಿ ಬರೆಯುತ್ತಿಲ್ಲ. ನಮ್ಮ ಇಟಾಲಿಯನ್ ಭಾಷೆಯಲ್ಲೇ ಬರೆದಿದ್ದೇನೆ, ನಿಮ್ಮಪ್ಪ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಓದಿ ಹೇಳಲಿ. ಶನಿವಾರ ನೀನು ವಿಮಾನ ಹತ್ತುವುದರೊಳಗೆ ಇದು ನಿಮ್ಮೂರು ಕಾರ್ಕ್ ತಲುಪಬೇಕು. ಅಂಚೆಯನ್ನು ನಂಬಿ ಕೂರಲಾರೆ, ಮಹಡಿಯ ಮನೆಯಲ್ಲಿರುವ ಜನೆಲ್ಲಾ ಎಂಬ ಟೀಚರ್ ಇದರ ಫೋಟೊ ತೆಗೆದು ಫೋನಿನಲ್ಲಿ ಕಳಿಸುತ್ತಾರಂತೆ.

ನಮ್ಮೂರು ಕೊಮಾಕ್ಯೊದಲ್ಲಿ ಹೇಗಿರಬೇಕೆಂದು ಹೋದ ಪತ್ರದಲ್ಲಿ ಬರೆದಿದ್ದೆನಲ್ಲ. ಬಾಗಿಲು ತೆರೆದೇ ಇದ್ದರೂ ಹೊಸ್ತಿಲಲ್ಲಿ ನಿಂತು "ಪೆರ್ಮೆಸ್ಸೊ", ಒಳಗೆ ಬರಲೇ, ಅನ್ನಬೇಕು. ಬ್ರೆಡ್ಡನ್ನು ಬೋರಲು ಇಡಬಾರದು. ಮಧ್ಯಾಹ್ನ ಊರು ಮಲಗಿದಾಗ ಸೇತುವೆಯ ಮೇಲೆ ಚೆಂಡು ಪುಟಿಸಬಾರದು. ಅದೆಲ್ಲ ಸರಿಯೇ. ತಪ್ಪಿದ್ದು ಕೊನೆಯ ಸಾಲು: "ಭಾನುವಾರದ ಊಟಕ್ಕೆ ನಿನ್ನ ಪೇರೆಂಟ್ಸ್ ಎಲ್ಲರೂ ಕಾಯುತ್ತಿದ್ದಾರೆ." ನಲವತ್ತೈದು ವರ್ಷದ ಹಿಂದಿನ ಕಾಲೇಜು ಇಂಗ್ಲಿಷ್, ಮಗು. ಪರೀಕ್ಷೆಯಲ್ಲೂ ಜಸ್ಟ್ ಪಾಸು. ನಮ್ಮಲ್ಲಿ ಪರೆಂತಿ ಎಂದರೆ ನೆಂಟರು. ಅದೇ ಮಾತು ಅಲ್ಲೂ ನಡೆಯುತ್ತದೆ ಅಂದುಕೊಂಡೆ.

ನಿನ್ನೆ ನೀನು ಬರೆದ ಚಿತ್ರ ಬಂತು. ಉದ್ದನೆಯ ಮೇಜು, ಸುತ್ತ ಜನ, ಕೆಂಪು ಫ್ರಾಕಿನ ನೀನು, ಪಕ್ಕದಲ್ಲಿ ಕನ್ನಡಕದ ಹೆಂಗಸು. ಕೆಳಗೆ, "ನಾನು ಅಮ್ಮನ ಪಕ್ಕ ಕೂರ್ತೀನಿ." ಅಮ್ಮನನ್ನು ನೆನೆದು ಬರೆದಿದ್ದೀಯೆಂದು ಖುಷಿಯಿಂದ ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದೆ. ನೋಡಲು ಬಂದ ಟೀಚರ್, ನಾನು ಏನು ಬರೆದಿದ್ದೆನೆಂದು ವಿಚಾರಿಸಿದರು. ಹೇಳಿದೆ.

"ಇವೋ ಅವರೇ, ಇಂಗ್ಲಿಷ್‌ನಲ್ಲಿ ಪೇರೆಂಟ್ಸ್ ಅಂದ್ರೆ ಅಪ್ಪ ಅಮ್ಮ."

ನನ್ನ ಅಕ್ಕ ಎರ್ಸಿಲಿಯಾ ಬಿಡುವವಳೇ? "ನಿನ್ನ ಇಂಗ್ಲಿಷ್ ಕಾಲೇಜಲ್ಲೇ ಸತ್ತಿತ್ತಲ್ಲೋ, ಅದರ ಹೆಣಾನ ಮಗು ಹತ್ರ ಯಾಕೋ ಕಳಿಸ್ದೆ?" ಅಂದಳು.

ಮೇವ್, ಅಮ್ಮ ಇಲ್ಲಿಲ್ಲ. ನನ್ನ ಮಗಳು ಮೊರೇನಾ, ನಿನ್ನ ಅಮ್ಮ, ಎರಡು ವರ್ಷದ ಹಿಂದೆ ನಿಮ್ಮೂರಿನಲ್ಲೇ ತೀರಿಕೊಂಡಳು. ದೂರ ಹೋಗಿದ್ದಾಳೆ ಎಂದು ನಿನಗೆ ಹೇಳಿದವರಲ್ಲಿ ನಾನೂ ಒಬ್ಬ. ಆ ದೂರ ಇಟಲಿ ಅಲ್ಲ, ಕಂದ. ನಿನ್ನ ಅಜ್ಜಿ ದಿರ್ಚೆ ಅವಳಿಗಿಂತ ಮೊದಲೇ ಹೋದಳು. ಇಲ್ಲಿ ಕಾಯುತ್ತಿರುವುದು ನಾನು, ಎರ್ಸಿಲಿಯಾ, ಅವಳ ಮಕ್ಕಳು. ಬರೀ ನೆಂಟರು.

ಇದನ್ನು ಕೇಳಿದ ಮೇಲೆ ನೀನು ಬರದೇ ಹೋದರೆ ಎಂಬುದೇ ನನ್ನ ಹೆದರಿಕೆ. ಬಂದ ಮೇಲೆ ಹೇಳಿದರಾಯಿತು ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ನೀನು ಮೇಜಿನ ಸುತ್ತ ಒಂದೊಂದೇ ಮುಖ ನೋಡುತ್ತಾ ಬರುವುದು ಕಣ್ಣಿಗೆ ಕಟ್ಟಿತು. ಬರೆಯಲು ಕೂತೆ.

ಬರುವುದಾದರೆ ಯೆಸ್ ಅಂತ ಬರೆ, ಇಲ್ಲವಾದರೆ ನೋ. ಅವೆರಡರಲ್ಲಿ ನಾನು ತಪ್ಪುವುದಿಲ್ಲ. ನೋ ಅಂದರೂ ಮುನಿಸಿಲ್ಲ, ನಾನೇ ಬರುತ್ತೇನೆ.

ನಮ್ಮೂರನ್ನು ಕಾಯುವ ಸಂತ ಕಸ್ಸಿಯಾನೊ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮನ ಅಪ್ಪ,
ಇವೋ