ಮೇಲೇಳದ ಬಲಗೈ

ಜೂನ್ 3, ಬೆಳಿಗ್ಗೆ

ಇವತ್ತೂ ಬೂಟಿಗೆ ಪಾಲಿಶ್. ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಾಳೆ. "ಏನ್ರೀ, ಪರೇಡಿಗೆ ಹೊರಟ್ರಾ? ಬೂಟು ನೋಡಿ ಯಾರೂ ಕೇಸ್ ಕೊಡಲ್ಲ."

ಸುಳ್ಳಲ್ಲ. ಸೈನ್ಯದಲ್ಲಿ ಸರ್ಕಾರದ ಪರ ವಕೀಲನಾಗಿದ್ದಾಗ ಕೇಸು ತಾನಾಗಿ ಮೇಜಿಗೆ ಬರುತ್ತಿತ್ತು. ಈಗ ಈ ಸಣ್ಣ ಊರಲ್ಲಿ, ದರ್ಜಿ ಅಂಗಡಿಯ ಮಹಡಿ ಮೇಲೆ ಒಂದು ಬೋರ್ಡು, ಎರಡು ಕುರ್ಚಿ. ಕೆಳಗೆ ಹೊಲಿಗೆ ಯಂತ್ರದ ಕಟಕಟ. ಮೇಲೆ ನಾನು ನೊಣ ಹೊಡೆಯುತ್ತ...

ಅದೇ ದಿನ, ಸಂಜೆ

ಕೇಸ್ ಬಂತು! ಸೈನ್ಯದಿಂದ ನಿವೃತ್ತನಾಗಿ ಬಟ್ಟೆ ಗೋದಾಮು ಕಾಯುವವನು. ಊರೆಲ್ಲ 'ಸಿಪಾಯಿ' ಅಂತಲೇ ಕರೆಯುತ್ತದೆ. ಮಾಲೀಕರ ಭಾಮೈದನ ನೆತ್ತಿಗೆ ದೊಣ್ಣೆ ಎತ್ತಿ ಹೊಡೆದನೆಂದು ದೂರು. ಬಲಗೈಯಲ್ಲೇ ಎಂದೂ ಬರೆಸಿದ್ದಾರೆ. ಸೋತರೆ ಜೈಲು.

"ಸಾಹೇಬ್ರೇ, ಈ ಕೈ ಎದೆಗಿಂತ ಮೇಲೆ ಏಳಲ್ಲ. ತಲೆ ಬಾಚೋಕೂ ಮನೆಯವಳೇ ಬೇಕು."

ಹಳೆಯ ಗುಂಡಿನ ಗಾಯ. ಸೈನ್ಯದ ಆಸ್ಪತ್ರೆಯ ಸರ್ಟಿಫಿಕೇಟ್ ಇದೆ. ಇನ್ನೇನು ಬೇಕು? ಗೆದ್ದ ಹಾಗೇ.

ಜೂನ್ 11

ತಾಲೀಮು. ನಾನೇ ಎದುರು ವಕೀಲನಾಗಿ ಸಿಪಾಯಿಗೆ ಪ್ರಶ್ನೆ ಹಾಕಿದೆ. ಒಂದಕ್ಕೂ ತಡವರಿಸಲಿಲ್ಲ. ಖುಷಿಯಾಯಿತು. ಹಾಳು ಬಾಯಿ, ತಮಾಷೆಗೆ ಹಳೆಯ ದನಿಯಲ್ಲಿ ಕೂಗಿಬಿಟ್ಟೆ: "ಡಿಸ್‌ಮಿಸ್!"

ಪರೇಡ್ ಮುಗಿಸಿ ಕಳಿಸುವ ಆಜ್ಞೆ. ಬಲಕ್ಕೆ ತಿರುಗಬೇಕು, ಅಧಿಕಾರಿ ಎದುರಿದ್ದರೆ ಸೆಲ್ಯೂಟ್ ಹೊಡೆಯಬೇಕು.

ತಿರುಗಿದ. ಹೊಡೆದ. ಬಲಗೈ ಚಕ್ಕನೆ ಹುಬ್ಬಿನ ತನಕ. ಮೊಣಕೈ ಹೆಗಲಿಗೆ ಸಮ.

ಕೈ ಅಲ್ಲೇ ನಿಂತಿತು. ಇಳಿಸಲು ಮರೆತ. ಕೆಳಗಿನ ಯಂತ್ರವೂ ನಿಂತಿತು—ಅಥವಾ ನನಗೆ ಕೇಳಿಸಲಿಲ್ಲ.

"ಇಳಿಸಪ್ಪಾ."

"ತಾನಾಗೇ ಹೋಯ್ತು ಸಾಹೇಬ್ರೇ."

"ವಾಸಿಯಾಗಿ ಎಷ್ಟು ಕಾಲ ಆಯ್ತು?"

"ತುಂಬಾ ವರ್ಷ."

"ಹೊಡೆದಿದ್ದು ನೀನೇನಾ?"

ಕುಸಿದು ಕೂತ. ಗೋದಾಮಿನ ಹಮಾಲಿಯನ್ನು ಮೂಟೆಗಳ ಮಧ್ಯೆ ಕೆಡವಿ, ಭಾಮೈದ ಕಬ್ಬಿಣದ ಸಲಾಕೆಯಲ್ಲಿ ಬಡಿಯುತ್ತಿದ್ದನಂತೆ. "ಸಾಯಿಸಿಬಿಡ್ತಿದ್ದ. ಒಂದೇ ಏಟು ಹಾಕ್ದೆ."

"ಇದನ್ನೇ ಹೇಳೋಣ. ಒಬ್ಬನ ಜೀವ ಉಳಿಸೋಕೆ ಹೊಡೆದ್ರೆ ಕಾನೂನು ಒಪ್ಪುತ್ತೆ."

"ಹಮಾಲಿ ಬಾಯಿ ಬಿಡಲ್ಲ, ಅವನ ಅನ್ನ ಅಲ್ಲೇ ಇದೆ. ಬರೀ ನನ್ನ ಮಾತು ಯಾರು ನಂಬ್ತಾರೆ? ಕೈ ಏಳಲ್ಲ ಅಂದ್ರೆ ನಂಬ್ತಾರೆ. ನೀವೇ ನಂಬಿದ್ರಲ್ಲ!"

ಕಪಾಳಕ್ಕೆ ಬಿದ್ದ ಹಾಗಾಯಿತು.

"ಕಟಕಟೆಯಲ್ಲಿ ಸುಳ್ಳು ಹೇಳ್ಬೇಕಂದ್ರೆ ಬೇರೆ ವಕೀಲರನ್ನ ನೋಡ್ಕೋ."

ಎದ್ದು ಹೋದ. ಈ ಸಲ ಸೆಲ್ಯೂಟ್ ಇಲ್ಲ.

ಜೂನ್ 12

ಹೆಂಡತಿ: "ಅಲ್ಲಿ ಸಿಪಾಯಿಗಳಿಗೆ ಶಿಕ್ಷೆ ಕೊಡಿಸಿದ್ರಿ. ಇಲ್ಲಿ ಬಿಡಿಸಿ ಅಂತ ಬಂದವನನ್ನೂ ಓಡಿಸಿದ್ರಾ?"

ಕಾರಣ ಹೇಳುವ ಹಾಗಿಲ್ಲ. ಕಕ್ಷಿದಾರನ ಗುಟ್ಟು.

ಸಂಜೆ ಹಮಾಲಿಯ ಮನೆಗೆ ಹೋಗಿದ್ದೆ. ಬಾಗಿಲು ಅರ್ಧವೇ ತೆರೆಯಿತು. "ನಾನೇನೂ ನೋಡಿಲ್ಲ ಸ್ವಾಮಿ." ಕದ ಹಿಡಿದ ತೋಳಲ್ಲಿ ಸಲಾಕೆಯ ಬರೆ ಇನ್ನೂ ಮಾಸಿಲ್ಲ.

ಜೂನ್ 24, ಬೆಳಿಗ್ಗೆ

ಇವತ್ತು ವಿಚಾರಣೆ. ಇಷ್ಟು ದಿನ ಸಿಪಾಯಿಯ ಸುಳಿವಿಲ್ಲ. ಕೋರ್ಟಿನ ಮೆಟ್ಟಿಲಲ್ಲಿ ನಿಂತಿದ್ದ. ಬೈತಲೆ ಸೊಟ್ಟ.

"ನಾನೇ ಬಾಚ್ಕೊಂಡೆ ಸಾಹೇಬ್ರೇ. ಮನೆಯವಳಿಗೆ ನಿಜ ಹೇಳ್ದೆ. 'ಇಷ್ಟು ದಿನ ನನ್ನ ಕೈಲಿ ಚಾಕರಿ ಮಾಡಿಸ್ಕೊಂಡ್ರಲ್ಲಾ' ಅಂತ ಬಾಚಣಿಗೆ ಬೀಸಿ ಒಗೆದ್ಲು."

ಇಬ್ಬರೂ ನಕ್ಕೆವು.

"ಒಳಗೂ ನಿಜಾನೇ ಹೇಳ್ತೀನಿ ಸಾಹೇಬ್ರೇ. ಜೈಲಾದ್ರೆ ಅವಳನ್ನ ನೋಡ್ಕೊಳ್ಳಿ."

ಮಧ್ಯಾಹ್ನ, ಊಟದ ಬಿಡುವು. ಕೋರ್ಟಿನ ವರಾಂಡ

ಸಿಪಾಯಿ ಎಲ್ಲ ಹೇಳಿದ. ಕೇಳದೆಯೇ ಕೈ ಎತ್ತಿ ತೋರಿಸಿದ. "ಈ ಕೈಯಲ್ಲೇ ಹೊಡೆದೆ ಸ್ವಾಮಿ."

ಎದುರು ವಕೀಲರು ನನ್ನತ್ತ ಬಾಗಿ ಪಿಸುಗುಟ್ಟಿದರು: "ಏನ್ರೀ, ನನ್ನ ಕೆಲಸ ನೀವೇ ಮಾಡಿಬಿಟ್ರಿ!"

ನ್ಯಾಯಾಧೀಶರು ಕನ್ನಡಕ ತೆಗೆದರು. "ಸಲಾಕೆಯ ಹೊಡೆತ ತಿಂದವನು ಎಲ್ಲಿ?"

ಹಿಂದಿನ ಬೆಂಚಲ್ಲಿ, ಭಾಮೈದನ ಪಕ್ಕದಲ್ಲೇ ಹಮಾಲಿ. ಕಣ್ಣ ಮುಂದೆಯೇ ಇರಲಿ ಅಂತ ಮಾಲೀಕರೇ ಕರೆತಂದಿದ್ದಾರೆ. ತಲೆ ಎತ್ತಲಿಲ್ಲ. ಊಟದ ನಂತರ ಅವನನ್ನು ಕಟಕಟೆಗೆ ಕರೆಯಲು ಅನುಮತಿ ಕೇಳಿದೆ. ಸಿಕ್ಕಿದೆ. ಏನು ಹೇಳುತ್ತಾನೋ...

ಕಿಟಕಿಯಿಂದ ಕಾಣುತ್ತಿದ್ದಾನೆ. ಅರೆತೋಳಿನ ಅಂಗಿ ಹಾಕಿ ಬಂದಿದ್ದಾನೆ! ಬರೆ ಹಾಗೇ ಕಾಣುತ್ತಿದೆ. ಭಾಮೈದ ತನ್ನ ಶಾಲು ಕೊಡುತ್ತಿದ್ದಾನೆ, ಹೊದ್ದುಕೋ ಅಂತ.

ಜವಾನ ಕೂಗಿದ. ಹಮಾಲಿ ಎದ್ದ. ಶಾಲು ಬೆಂಚಿನ ಮೇಲೇ ಬಿಟ್ಟು ಕಟಕಟೆಯತ್ತ—