ಮೈಯಲ್ಲಿಲ್ಲದ ಕೊಬ್ಬು

ಎಗ್ಮೋರ್, ಚೆನ್ನೈ
೧೮ ಆಗಸ್ಟ್ ೨೦೨೪

ಅಮ್ಮನಿಗೆ,

ನಮಸ್ಕಾರ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದು.

ಮಾಧವಿ ಅಕ್ಕನ ಸೀಮಂತದ ದಿನ ನಮ್ಮ ಪುರಸೈವಾಕ್ಕಂ ಮನೆಯಲ್ಲಿ, ನೆಂಟರೆಲ್ಲರ ಎದುರು ನೀನು ನನ್ನ ಕೈಚೀಲ ಸುರಿದು ಹುಡುಕಿದೆ. ಸಿಕ್ಕಿದ್ದು ಬಾಚಣಿಗೆ, ಬ್ಯಾಂಕಿನ ಐಡಿ ಕಾರ್ಡು, ಸಕ್ಕರೆ ಕಾಯಿಲೆಯ ಮಾತ್ರೆ. ತಿಂಡಿಯ ಚೂರೂ ಇರಲಿಲ್ಲ. ಆದರೂ, "ಕದ್ದು ತಿಂತಾಳೆ. ಇಲ್ದಿದ್ರೆ ಇಷ್ಟು ಸಣ್ಣಗಿರೋಳಿಗೆ ಶುಗರ್ ಹೇಗೆ ಬರತ್ತೆ?" ಎಂದೆ. ಅಕ್ಕ "ವಿಡುಮಾ, ಬಿಟ್ಬಿಡು" ಅಂದಳು, ನೀನು ಬಿಡಲಿಲ್ಲ. ನನ್ನನ್ನು ಮದುವೆಯಾಗಬೇಕಿದ್ದ ಗುರುಚರಣನ ತಾಯಿ ಊಟಕ್ಕೂ ನಿಲ್ಲದೆ ಹೊರಟರು. ಸಂಬಂಧ ಅಲ್ಲಿಗೆ ಮುಗಿಯಿತು. ನಾನೂ ಅಂದೇ ಈ ಹಾಸ್ಟೆಲಿಗೆ ಬಂದೆ.

ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಣಮ್ಯಾ ಎಂಬುವವರು ನನ್ನ ತೋಳು, ತೊಡೆಯ ಚರ್ಮವನ್ನು ಹಿಡಿದು ನೋಡಿದರು. ಬೆರಳಿಗೆ ಕೊಬ್ಬೇ ಸಿಗಲಿಲ್ಲ. ಕೊಬ್ಬು ಬರೀ ಭಾರವಲ್ಲವಂತೆ, ಅದರಿಂದಲೂ ಹಾರ್ಮೋನುಗಳು ಹೊರಡುತ್ತವಂತೆ. ಒಂದು, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುತ್ತದೆ. ಇನ್ನೊಂದು, ಇನ್ಸುಲಿನ್ ಮಾತನ್ನು ಸ್ನಾಯು, ಪಿತ್ತಜನಕಾಂಗ ಕೇಳುವಂತೆ ಮಾಡುತ್ತದೆ. ನನ್ನಲ್ಲಿ ಎರಡೂ ತೀರಾ ಕಡಿಮೆ. ಅದಕ್ಕೇ ಹಸಿವು ಆರುವುದಿಲ್ಲ, ಇನ್ಸುಲಿನ್ ಇದ್ದೂ ಸಕ್ಕರೆ ಇಳಿಯುವುದಿಲ್ಲ. "ಇದು ಬಾಯಿಚಪಲ ಅಲ್ಲಮ್ಮ, ಹುಟ್ಟಿನಿಂದ ಬಂದದ್ದು" ಎಂದರು. ಆಸ್ಪತ್ರೆಯೆಂದೂ ನೋಡದೆ ಅತ್ತುಬಿಟ್ಟೆ.

ದಪ್ಪಗಿದ್ದ ಅಕ್ಕನ ತಟ್ಟೆಯಿಂದ ನೀನು ಅನ್ನ ತೆಗೆದು, "ಇವಳನ್ನು ನೋಡಿ ಕಲಿ" ಎಂದು ನನ್ನ ಮಣಿಕಟ್ಟು ತೋರಿಸುತ್ತಿದ್ದೆ. ನೀನು ಹಳಿದ ಆ ಮೈಯೇ ಅವಳನ್ನು ಕಾಯುತ್ತಿದೆ. ಬಸುರಿಯಾಗಿಯೂ ಅವಳ ಸಕ್ಕರೆ ಸರಿಯಾಗಿದೆ. ನೀನು ಹೊಗಳಿದ ಮೈ ನನ್ನನ್ನು ತಿನ್ನುತ್ತಿದೆ.

ಇದು ತಾಯಿಯಿಂದಲೂ ಬರಬಹುದಂತೆ. ನಿನ್ನ ರಕ್ತ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರ್ ಹೇಳಿದ್ದಾರೆ. ಮೊದಲ ಸಲ ಫೋನ್ ಎತ್ತಿದಾಗ ನೀನು, ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ ಎಂದೆ. ಅಕ್ಕನಿಗಾಗಿಯಾದರೂ ಬಾ. ಅವಳಿಗೆ ಹುಟ್ಟುವ ಮಗುವಿಗಾಗಿ ಬಾ. ನನಗಾಗಿ ಬರಬೇಡ.

ಇಂತಿ,
ವೃಂದಾ

ತಾ.ಕ.: ನಿನ್ನೆ ಅಪ್ಪ ಬಂದಿದ್ದರು. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ನೀನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೀಯಂತೆ. ಹೆಣ್ಣುಮಕ್ಕಳ ಮದುವೆ ಆಗುವ ತನಕ ಬಾಯಿ ಬಿಡಬಾರದೆಂದು ಅವರಿಂದ ಆಣೆ ಮಾಡಿಸಿಕೊಂಡೆಯಂತೆ. ನನ್ನನ್ನು ಕಳ್ಳಿ ಎಂದಾಗ ನಿನಗೆ ಗೊತ್ತಿತ್ತು, ಅಮ್ಮ.